ಕ್ಯಾನ್ಸಲ್ ಆದ ಆಟದ ಕೊಡಲಿಯವನು

ಫಟ್! ಕುಂಬಳಕಾಯಿ ಕಲ್ಲಿಗೆ ಬಡಿದು ಒಡೆದ ಆ ಸದ್ದು ಈಗಲೂ ಕಿವಿಯಲ್ಲಿದೆ. ಗೇಮಿಗೆ ತಲೆ ಸೀಳುವ ಸದ್ದು ಬೇಕೆಂದು ನನ್ನ ತಮ್ಮನ ಮಗಳು ಪಲ್ಲವಿ ಬಸವಕಲ್ಯಾಣದ ನಮ್ಮ ಅಂಗಳದಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಸಂಜೆ ಅದೇ ಕಾಯಿಯ ಪಲ್ಯ ಮಾಡಿ ಉಂಡೆವು.

ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ಸಿಸ್ಟರ್ ಮಂಡಿಯೂರಿಸುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಸುಳ್ಳಿನ ಅಭ್ಯಾಸ ಶುರುಮಾಡುವ ಮನಸ್ಸು ನನಗಿಲ್ಲ. ನಾನ್‌ಸೆನ್ಸ್ ಅನ್ನುವವರು ಅನ್ನಲಿ. ಇದು ನಡೆದದ್ದು.

ಪಲ್ಲವಿ ಹೈದರಾಬಾದಿನ ಕಂಪನಿಯೊಂದಕ್ಕೆ ನನ್ನ ಮನೆಯಲ್ಲೇ ಕೂತು ವಿಡಿಯೊ ಗೇಮ್ ಮಾಡುತ್ತಿದ್ದಳು. ಒಂದು ಹೊಡೆದಾಟದ ಸಿನಿಮಾದ ಗೇಮ್. ಶುರುವಿನಲ್ಲೇ ಕೊಡಲಿ ಹಿಡಿದವನೊಬ್ಬ ಮನೆಗೆ ನುಗ್ಗಿ ಹೀರೋನ ಅಜ್ಜಿಯನ್ನು ಕಡಿಯುತ್ತಾನೆ. ಆ ಅಜ್ಜಿಗೆ ನನ್ನದೇ ಮುಖ, ನನ್ನದೇ ಕನ್ನಡಕ. "ಅತ್ತಿ, ಇವತ್ತ ಛಲೋ ಸತ್ರಿ ನೋಡ್ರಿ!" ಎನ್ನುತ್ತಿದ್ದಳು ಕಳ್ಳಿ.

ಸಿನಿಮಾ ಓಡಲಿಲ್ಲ. ಗೇಮ್ ಕ್ಯಾನ್ಸಲ್ ಎಂದು ಮೇಲ್ ಬಂತು. ಎರಡು ವರ್ಷದ ದುಡಿಮೆ... ಹುಡುಗಿ ಊಟ ಮುಟ್ಟಲಿಲ್ಲ. ರಾತ್ರಿ ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬೆಳಕಿನಲ್ಲಿ ಕೂತೇ ಇದ್ದಳು.

"ಏನ್ ಮಾಡಾಕತ್ತೀ ಡಿಯರ್?"

"ಅಜ್ಜಿ ಮನಿ ಬಾಗಲಕ್ಕ ಚಿಲಕ ಹಾಕಾಕತ್ತೀನ್ರಿ. ಇನ್ನ ಈ ಆಟ ಯಾರ ಆಡ್ತಾರ? ಒಂದ್ಸಲರ ನಿಮ್ಮನ್ನ ಉಳಸ್ತೀನಿ."

ಪರದೆಯ ಮೇಲೆ ಕೊಡಲಿಯವನು ಬಂದ. ಬಾಗಿಲಿಗೆ ಹೊಡೆದ. ಮತ್ತೆ, ಮತ್ತೆ... ತೆರೆಯಲಿಲ್ಲ. ಒಳಗೆ ನಾನು ಬದುಕಿ ಕೂತಿದ್ದೆ! ಇಬ್ಬರೂ ಚಪ್ಪಾಳೆ ತಟ್ಟಿದೆವು.

ಅವನು ನಿಂತ. ನಿಧಾನವಾಗಿ ಕತ್ತು ತಿರುಗಿಸಿ... ನಮ್ಮತ್ತ ನೋಡಿದ.

"ಅತ್ತಿ," ಪಲ್ಲವಿಯ ದನಿ ಇಳಿಯಿತು, "ಹಿಂಗ ತಿರಗೂದು ನಾ ಅವಂಗ ಕಲ್ಸಿಲ್ರಿ."

"ಬಂದ್ ಮಾಡು!"

"ಆಗವಲ್ದು..."

ಹತ್ತಿರ ಬಂದ. ಮುಖ ಪರದೆ ತುಂಬಿತು. ಕೊಡಲಿ ಎತ್ತಿದ. ಪರದೆ ಕಪ್ಪಾಯಿತು.

ಕತ್ತಲಲ್ಲಿ ಏಟು. ಇನ್ನೊಂದು. ಪಲ್ಲವಿಯ ಚೀರಾಟ. ನನ್ನ ಕೆನ್ನೆಗೆ ಬಿಸಿಯಾದದ್ದೇನೋ ಸಿಡಿಯಿತು... ತುಕ್ಕು ಕಬ್ಬಿಣದ ವಾಸನೆ. ಟಾರ್ಚ್ ಹಾಕಿದೆ. ಅವಳ ಎಡತೋಳು ಹೆಗಲಿನಿಂದ ಮೊಣಕೈವರೆಗೆ ಸೀಳಿ, ಒಳಗೆ ಎಲುಬು ಬೆಳ್ಳಗೆ ಕಾಣುತ್ತಿತ್ತು. ನಮ್ಮ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಲ್ಯಾಪ್‌ಟಾಪಿಗೆ ಒಂದು ಗೀರೂ ಇಲ್ಲ.

"ಕೊಡ್ಲಿ ಏಟದ ಇದು. ಹೊಡದವ್ರು ಯಾರ್ರಿ?" ಡಾಕ್ಟರ್ ಕೇಳಿದರು. ನಮ್ಮ ಮನೆಯಲ್ಲಿ ಕೊಡಲಿಯೇ ಇಲ್ಲ.

ಗಾಯ ಮಾಯುವ ಮೊದಲೇ ಅವಳು ಲ್ಯಾಪ್‌ಟಾಪನ್ನು ಕಂಪನಿಗೆ ಒಪ್ಪಿಸಲು ಹೊರಟಳು. ಬಾವಿಗೆ ಎಸೆ ಎಂದೆ. "ನಿಮ್ಮ ಬಾವ್ಯಾಗ ಅವ ಯಾಕ ಬೇಕ್ರಿ?" ಎಂದು ನಕ್ಕಳು.

ಹೈದರಾಬಾದ್ ಮುಟ್ಟಲಿಲ್ಲ. ಮನ್ನಾಏಖೇಳ್ಳಿ ದಾಟಿದ ಮೇಲೆ ನೋಡಿದರೆ ಅವಳ ಸೀಟಿನಲ್ಲಿ ರಕ್ತವಷ್ಟೇ ಇತ್ತು ಎಂದು ಕಂಡಕ್ಟರ್ ಪೊಲೀಸರಿಗೆ ಹೇಳಿದನಂತೆ. ಬಸ್ಸು ನಡುವೆ ಎಲ್ಲೂ ನಿಂತಿರಲಿಲ್ಲ. ಇನ್ನೂ ಹುಡುಕುತ್ತಿದ್ದಾರೆ. ಅಂದಿನಿಂದ ನಾನು ರಾತ್ರಿ ಬಾಗಿಲು ಹಾಕಿಕೊಂಡಿಲ್ಲ. ಬರುವವನು ನನ್ನ ಹತ್ತಿರವೇ ಬರಲಿ, ಮಗುವನ್ನು ಬಿಡಲಿ ಎಂದು... ಯಾರೂ ಬಂದಿಲ್ಲ.

ಆ ದಿನ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ನಾನೇ ಹತ್ತಿಸಿದ್ದೆ. ಕಿಟಕಿ ಪಕ್ಕ ಕೂತಿದ್ದಳು, ತೊಡೆಯ ಮೇಲೆ ಬ್ಯಾಗು.

"ಅವ ಮತ್ತ ಬಂದ್ರ?"

"ನಿಮ್ಮ ಬಾಗಲಕ್ಕ ಚಿಲಕ ಅದ ಅಲ್ರಿ ಅತ್ತಿ, ಅಂಜಬ್ಯಾಡ್ರಿ."

"ನಿನಗ?"

ಅವಳು ಒಂದೇ ಕೈಯಲ್ಲಿ ಕಿಟಕಿಯ ಗಾಜು ಮುಚ್ಚಲು ಎಳೆದಳು. ಕೆಳಗಿನಿಂದ ನಾನೂ ತಳ್ಳಿದೆ. ಅರ್ಧಕ್ಕೇ ಸಿಕ್ಕಿಕೊಂಡಿತು. ಬಸ್ಸು ಹೊರಟಿತು.