ಪುಟ್ಟತಾಯಮ್ಮನವರ ಬಂದೂಕು

ಪುಟ್ಟತಾಯಮ್ಮ ಬಂದೂಕನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಲೈಸೆನ್ಸು ನವೀಕರಣಕ್ಕೆಂದು ಘಾಟಿ ಕಡೆಯ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬರುತ್ತಿದ್ದರು. ಬಸ್ಸು ಎಷ್ಟೇ ತುಂಬಿದ್ದರೂ ಅವರ ಪಕ್ಕದ ಸೀಟು ಮಾತ್ರ ಖಾಲಿ. ಅರವತ್ತರ ದಶಕದ ಮಾತು. ನಾನಾಗ ತಾಲ್ಲೂಕು ಕಚೇರಿಯಲ್ಲಿ ಬಂದೂಕಿನ ಲೈಸೆನ್ಸುಗಳ ಕಾಗದ ನೋಡುವ ಗುಮಾಸ್ತ.

ಮಕ್ಕಳಿಲ್ಲದ ಅವರಿಗೆ ಬೆಟ್ಟದಂಚಿನ ಎರಡೆಕರೆ ಕಡಲೆಕಾಯಿ ಹೊಲವೇ ಜೀವನ. ಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿಗಳು ಇಳಿದು ನೆಲವನ್ನೇ ಉತ್ತುಬಿಡುತ್ತಿದ್ದವು. ಗಂಡ ತೀರಿಕೊಂಡ ವರ್ಷ, ಅವರ ಹೆಸರಿನಲ್ಲಿದ್ದ ಬಂದೂಕು ತಮ್ಮ ಹೆಸರಿಗಾಗಬೇಕೆಂದು ಅರ್ಜಿ ತಂದರು. "ಮೈದುನರ ಹೆಸರಿಗೆ ಮಾಡಿಸಿಬಿಡಿ, ಸುಲಭ" ಎಂದ ಅಧಿಕಪ್ರಸಂಗಿ ನಾನೇ. ನನ್ನನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಅಮಲ್ದಾರರ ಕೋಣೆಗೆ ನುಗ್ಗಿದರು.

"ಹೆಂಗಸಿಗ್ಯಾಕಮ್ಮಾ ಬಂದೂಕ?" ಎಂದರು ಅಮಲ್ದಾರರು.

"ಹೆಂಗಸ್ರ ಹೊಲ ಅಂತ ಹಂದಿ ಬಿಟ್ಟೋಯ್ತದಾ ಸ್ವಾಮಿ?"

ಅಮಲ್ದಾರರು ನಕ್ಕು ಶಿಫಾರಸು ಬರೆದರು. ನಾನು ನಗಲಿಲ್ಲ, ನಾಚಿದೆ.

ಒಮ್ಮೆ ಕೋಳಿ ಸಾಕಣೆ ಕಲಿಸಲು ಬಂದಿದ್ದ ಅಮೆರಿಕದ ಯುವಕನೊಬ್ಬ ಕಚೇರಿಯಲ್ಲಿ ಅವರ ಬಂದೂಕು ಕಂಡು ಹಿಗ್ಗಿಬಿಟ್ಟ. ಕಲಿತಷ್ಟು ಕನ್ನಡದಲ್ಲಿ, "ಅಮ್ಮ, ನಮ್ಮ ದೇಶದಲ್ಲಿ ಇದು ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ಮೂರು ಇವೆ" ಎಂದ.

"ಅಷ್ಟೊಂದು ಹಂದಿ ಐತೇನಪ್ಪಾ ನಿಮ್ಮೂರಲ್ಲಿ?"

"ಹಂದಿಗೆ ಅಲ್ಲ. ಕಳ್ಳ ಬಂದರೆ."

"ಕಳ್ಳನತ್ರಾನೂ ಐತಾ?"

"ಇದೆ."

"ಹಂಗಾದ್ರೆ ಹುಷಾರಾಗಿರು ಅಂತ ನಿಮ್ಮವ್ವಂಗೆ ಕಾಗ್ದ ಬರಿ."

ಯುದ್ಧಕಾಲದಲ್ಲಿ ಸಿಪಾಯಿಯಾಗಿ ವಿಲಾಯಿತಿ ನೋಡಿಬಂದಿದ್ದ ಜವಾನ ಖಾದರ್ ಸಾಬರು, ಅಲ್ಲಿ ಬೀದಿ ಕಾಯುವ ಪೊಲೀಸರ ಕೈಯಲ್ಲೂ ಬಂದೂಕಿರುವುದಿಲ್ಲ ಎಂದು ಒಗ್ಗರಣೆ ಹಾಕಿದರು. "ಅಂಗಿರ್ಬೇಕು ಊರು!" ಎಂದು ಆಯಮ್ಮ ಟೇಬಲ್ಲು ಗುದ್ದಿದಾಗ ನನ್ನ ಮಸಿಕುಡಿಕೆ ಉರುಳಿತು.

ಎಪ್ಪತ್ತರ ದಶಕದಲ್ಲಿ ಒಂದು ಬೆಳಿಗ್ಗೆ, ನವೀಕರಣದ ಕಾಲವಲ್ಲದಿದ್ದರೂ ಬಂದರು. ಮೈದುನನ ಮಗನಿಗೂ ಪಕ್ಕದ ಹೊಲದವರಿಗೂ ಬದುವಿನ ಜಗಳ. ಅವರನ್ನು ಹೆದರಿಸಲು ಅವನು ಬಂದೂಕು ಕೇಳಿದ್ದ. ಇವರು ಸುತರಾಂ ಒಪ್ಪಿರಲಿಲ್ಲ.

"ಬರೀ ತೋರ್ಸಿ ತಂದ್ಬಿಡ್ತೀನಿ ದೊಡ್ಡಮ್ಮ ಅಂತಾನೆ. ಇವತ್ತು ತೋರ್ಸೋನು ನಾಳೆ ಹಾರಿಸ್ತಾನೆ. ಮನೇಲಿದ್ರೆ ನಾನಿಲ್ದಾಗ ಎತ್ಕಂಡೋಯ್ತಾನೆ. ಠಾಣೆಗೆ ಒಪ್ಪಿಸ್ಬಿಡ್ತೀನಿ, ಅರ್ಜಿ ಬರಿ."

"ಕಾಯಿ ಬಲೀತಾ ಇದೆ. ಹಂದಿ ಬಂದ್ರೆ ಏನ್ಮಾಡ್ತೀರಮ್ಮ?"

"ಡಬ್ಬ ಬಡೀತೀನಿ. ನನ್ನ ಹೊಲ ಹಂದಿ ತಿನ್ಲಿ. ನನ್ನ ಬಂದೂಕ ಮನುಷ್ಯನ್ನ ತಿನ್ನಬಾರ್ದು."

ಬರೆದೆ. ಸಹಿ ಬಾರದ ಅವರು ಹೆಬ್ಬೆಟ್ಟನ್ನು ಕಾಗದ ತೂತಾಗುವಂತೆ ಒತ್ತಿದರು. ಬಂದೂಕನ್ನು ಠಾಣೆಗೆ ಒಪ್ಪಿಸಿ, ಸೀರೆಯನ್ನು ಮಾತ್ರ ಮಡಿಸಿಕೊಂಡು ಬಸ್ಸು ಹತ್ತಿದರು. ಆ ದಿನ ಅವರ ಪಕ್ಕದಲ್ಲಿ ಯಾರೋ ಕೂತರು.

ಆ ವರ್ಷವೇ ನನಗೆ ವರ್ಗವಾಯಿತು. ಸುದ್ದಿ ತಿಳಿದು ಕಚೇರಿಗೆ ಬಂದವರ ಮಡಿಲಲ್ಲಿ ಒಂದು ಸೇರು ಕಡಲೆಕಾಯಿ. ಅಂಗೈ ತುಂಬ ಬೊಬ್ಬೆ, ಡಬ್ಬ ಬಡಿದದ್ದು. ಅದೇ ಕೊನೆಯ ಭೇಟಿ. ಅವರು ಗೆದ್ದವರಂತೆ ನಿಂತು, ಟೇಬಲ್ಲಿನ ಮೇಲೆ ಕಾಯಿ ಸುರಿದು ಹೇಳಿದರು:

"ಹಂದಿ ತಿಂದು ಮಿಕ್ಕಿದ್ದು ಕಣಪ್ಪಾ. ತಿನ್ನು, ನಾಚ್ಕೋಬೇಡ."