ನನ್ನ ಕಾಲಲ್ಲಿ ಮಾವ ನಡೆದದ್ದು

ಭಟ್ಕಳದ ಶಾಲೆಯಲ್ಲಿ ಪಾಠ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಹೊನ್ನಾವರದ ಬಸ್ಸು ಹೊರಟೇಬಿಟ್ಟಿತ್ತು. ಓಡಿದೆ. ಐವತ್ತರ ಹತ್ತಿರದ ಹೆಂಗಸು ಸೀರೆ ಎತ್ತಿಕೊಂಡು ಓಡಬಾರದು ಅಂತೇನೂ ಕಾನೂನಿಲ್ಲ. ಮೀನಖಂಡಕ್ಕೆ ಅದು ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ ಕಲ್ಲು ಬೀಸಿ ಹೊಡೆದಂತಾಯಿತು. ಬಯ್ಯಲು ತಿರುಗಿದರೆ ಮಲ್ಲಿಗೆ ಮಾರುವವಳು ಮಾತ್ರ ದೂರದಲ್ಲಿ ಕೂತಿದ್ದಳು.

"ಯಾರು ಹೊಡ್ದದ್ದು?" ಕೇಳಿದೆ.

"ಯಾರೂ ಇಲ್ಲ ಅಕ್ಕಾ. ನೀವೇ ಓಡಿದ್ರಿ, ನೀವೇ ನಿಂತ್ರಿ."

ಸ್ನಾಯು ಹರಿದಿದೆ ಅಂದರು ಡಾಕ್ಟರು. ಮೂಳೆ ಮುರಿದಿದ್ದರೆ ಪ್ಲಾಸ್ಟರ್ ನೋಡಿ ನಾಲ್ಕು ಜನ ಅಯ್ಯೋ ಅನ್ನುತ್ತಿದ್ದರು. ಇದು ಕಾಣುವ ಗಾಯವಲ್ಲ, ಬೇಗ ಮಾಯುವಂಥದ್ದೂ ಅಲ್ಲ. ಮಳೆಗಾಲ ಮುಗಿದರೂ ಹಿಮ್ಮಡಿ ಊರಲಾಗಲಿಲ್ಲ. ಕುಮಟಾಕ್ಕೆ ಹೋಗಿ ಫಿಸಿಯೋಥೆರಪಿ ಮಾಡಿಸಿಕೊಂಡು ಬರುವುದು, ಮನೆಯಲ್ಲಿ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ನಡೆಯುವಾಗ ಒಂದು ಕಾಲು ಊರಿ ಇನ್ನೊಂದನ್ನು ಎಳೆಯುತ್ತಿದ್ದೆ. ಟಪ್, ಸರ್ರ್. ಟಪ್, ಸರ್ರ್.

ಆ ಸದ್ದು ನಮ್ಮ ಮನೆಗೆ ಹೊಸದಲ್ಲ. ನನ್ನ ಮಾವ ಮೀನುಗಾರಿಕೆಯ ಬೋಟಿನ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡ ಮೇಲೆ ಹೀಗೇ ನಡೆಯುತ್ತಿದ್ದರು. ಸಂಜೆ ಬಂದರಿನಿಂದ ಬರುವಾಗ ಅಂಗಳದಲ್ಲಿ ಸದ್ದು ಕೇಳಿದ್ದೇ, ಕಾಲಿನ ಮರಳು ತೊಳೆಯಲಿ ಅಂತ ಅತ್ತೆ ಮೆಟ್ಟಿಲ ಮೇಲೆ ತಂಬಿಗೆ ನೀರಿಡುತ್ತಿದ್ದರು. ಮಾವ ತೀರಿಕೊಂಡು ವರ್ಷಗಳಾದವು. ಅತ್ತೆಗೆ ಈಗ ಕಣ್ಣು ಮಂಜು, ಕಿವಿ ಚುರುಕು. ಊಟವನ್ನಂತೂ ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ದರು.

ಒಂದು ಸಂಜೆ ಕಾಲೆಳೆಯುತ್ತ ಅಂಗಳ ದಾಟಿದರೆ ಮೆಟ್ಟಿಲ ಮೇಲೆ ತಂಬಿಗೆ ಇತ್ತು. ಒಳಗಿಂದ ಅತ್ತೆಯ ದನಿ.

"ಬಂದ್ರಾ? ಇವತ್ತು ಎಂತ ಸಿಕ್ತು?"

'ನಾನು, ಅತ್ತೆ, ನಾನು' ಅನ್ನಬೇಕಿತ್ತು. ಕಾಲು ತೊಳೆದು ಒಳಗೆ ಹೋದೆ. ಅವತ್ತು ಅತ್ತೆ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು.

ಆಮೇಲೆ ದಿನಾ ಸಂಜೆ ನೀರು. ಅತ್ತೆ ತಲೆ ಬಾಚಿಕೊಂಡು ಕೂರತೊಡಗಿದರು. ಮುಖಕ್ಕೆ ಸ್ವಲ್ಪ ಕಳೆ ಬಂತು.

"ನೀ ಬರೂ ಸದ್ದು ಕೇಳಿದ್ರೆ ನಂಗೇ ಹೆದ್ರಿಕೆ ಆಗ್ತದೆ ಮಾರಾಯ್ತಿ," ಅಂದ ಗಂಡ. "ಅಪ್ಪ ಬಂದು ಮಾರ್ಕ್ಸ್‌ಕಾರ್ಡ್ ಕೇಳ್ತಾರೆ ಅನ್ಸ್ತದೆ."

ನಾನು ನಕ್ಕೆ. ಅವನು ನಗಲಿಲ್ಲ.

ಕಾಲು ನಿಧಾನಕ್ಕೆ ಗುಣವಾಯಿತು. ಅದನ್ನು ಅತ್ತೆಗೆ ಹೇಳಲಿಲ್ಲ. ಗೇಟಿನವರೆಗೆ ನೆಟ್ಟಗೆ ನಡೆದು ಬಂದು, ಅಲ್ಲಿಂದ ಎಳೆಯುತ್ತಿದ್ದೆ. ಕುಮಟಾದ ಫಿಸಿಯೋ ಹುಡುಗಿ ಒಂದು ಕಡೆ ವಾಲತೊಡಗಿದ ನನ್ನ ಸೊಂಟ ನೋಡಿ ಗದರಿದಳು.

"ಇಲ್ಲಿ ಚೆಂದ ನಡೀತ್ರಿ. ಮನೇಲಿ ಎಂತ ಮಾಡ್ತ್ರಿ? ಹೀಗೇ ಆದ್ರೆ ಈ ಕುಂಟು ನಿಮ್ಮನ್ನ ಬಿಡೂದಿಲ್ಲ ಟೀಚರ್."

ಮರುದಿನ ಶಾಲೆಯ ವರಾಂಡದಲ್ಲಿ ಒಬ್ಬಳೇ ಹೋಗುತ್ತಿದ್ದೆ. ಟಪ್, ಸರ್ರ್. ನಾನು ಎಳೆದಿರಲಿಲ್ಲ. ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ತಿರುಗಿದಂತೆಯೇ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಆ ಸಂಜೆ ಗೇಟು ತೆರೆದು ನೆಟ್ಟಗೆ ನಡೆದೆ. ಮೆಟ್ಟಿಲು ಖಾಲಿ ಇತ್ತು.

"ಯಾರು?" ಅತ್ತೆ ಕೇಳಿದರು.

"ನಾನು ಅತ್ತೆ."

"ಕಾಲು ಗುಣ ಆತಾ?"

"ಆತು."

"ಒಳ್ಳೇದಾತು ಮಗಾ," ಅಂದು ಅಂಗಳದ ಕಡೆ ಮುಖ ತಿರುಗಿಸಿದರು.

ಊಟಕ್ಕೆ ಕರೆದರೆ ಬಂದು ಕೂತರು. ತಟ್ಟೆಯ ಮೇಲೆ ಕೈ ಅಡ್ಡ ಇಟ್ಟರು.

"ಬಡಿಸ್ಲಾ ಅತ್ತೆ?"

"ಅವ್ರು ಬರ್ಲಿ."

ಗಂಡ ತಲೆ ತಗ್ಗಿಸಿದ. ನಾನು ಎದ್ದು ಹೋಗಿ ತಂಬಿಗೆ ತುಂಬಿಸಿ ಮೆಟ್ಟಿಲ ಮೇಲಿಟ್ಟು ಬಂದೆ. ಅನ್ನ ಆರುತ್ತಿತ್ತು. ಮೂವರೂ ಅಂಗಳಕ್ಕೆ ಕಿವಿಗೊಟ್ಟು ಕೂತೆವು.