ಸಹಿ ಹಾಕದ ಡಾಕ್ಟರ್ ಕಾಕಾ

ಅಕ್ಕನ ಟ್ರಂಕು ತೆರೆದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಸೀರೆಗಳ ತಳದಲ್ಲಿ ನಾಲ್ಕು ಮಡಿಕೆಯ ಒಂದು ಸರ್ಟಿಫಿಕೇಟು. ಅದರ ಮೇಲಿನ ಸಹಿ ಡಾಕ್ಟರ್ ಕಾಕಾ ಅವರದಲ್ಲ. ಆದರೂ ನೆನಪಾದದ್ದು ಅವರೇ...

ಎಪ್ಪತ್ತರ ದಶಕದ ಮಾತು. ನವಲಗುಂದದಲ್ಲಿ ಅವರದು ನಮ್ಮ ಬಾಜು ಮನೆ. ಊರೂರಿನ ಆಸ್ಪತ್ರೆಗಳಲ್ಲಿ ಮನೋರೋಗದ ಡಾಕ್ಟರಾಗಿದ್ದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಿವಿ ಮಂದವಾಗುತ್ತಲೇ, ರೋಗಿಯ ಮಾತು ಪೂರ್ತಿ ಕೇಳಿಸದೆ ತಪ್ಪು ಬರೆದೇನೆಂದು ಹೆದರಿ, ವೈದ್ಯರ ರಜಿಸ್ಟರಿನಿಂದ ತಾವೇ ಅರ್ಜಿ ಕೊಟ್ಟು ಹೆಸರು ತೆಗೆಸಿದ್ದರು.

ಆ ವರ್ಷ ಯರಗುಪ್ಪಿಗೆ ಕೊಟ್ಟಿದ್ದ ಅಕ್ಕನ ಕೂಸು ಹುಟ್ಟಿದ ಎಂಟೇ ದಿನಕ್ಕೆ ಹೋಯಿತು. ಅಕ್ಕ ಮಾತು ಬಿಟ್ಟಳು. ಗಂಡನ ಮನೆಯವರು ಅವಳನ್ನು ನಮ್ಮಲ್ಲಿ ಬಿಟ್ಟುಹೋದರು. ಮಗನಿಗೆ ಇನ್ನೊಂದು ಮದುವೆ ಮಾಡುವ ಅವಸರ ಅವರಿಗೆ. ಅಕ್ಕನ ಮಾವ ನೇರವಾಗಿ ಕಾಕಾನ ಬಳಿಗೇ ಬಂದ.

“ತಲಿ ಕೆಟ್ಟೈತಿ ಅಂತ ಬರಕೊಡ್ರಿ ಸಾಹೇಬ್ರ.”

“ನನ್ನ ಹೆಸರು ರಜಿಸ್ಟರ್‌ನ್ಯಾಗ ಇಲ್ರಿ. ನಾ ಬರದ್ರ ಅದು ಬರೇ ಹಾಳಿ,” ಎಂದು ಕಾಕಾ ಕಳಿಸಿಬಿಟ್ಟರು. ನಮಗೆಲ್ಲ ಹಿಗ್ಗು.

ತಿಂಗಳಲ್ಲಿ ಕೋರ್ಟಿನ ನೋಟೀಸು ಬಂತು. ಹೆಂಡತಿಗೆ ಹುಚ್ಚು, ಮದುವೆ ಮುರಿದು ಸೋಡಚೀಟಿ ಕೊಡಿಸಬೇಕು ಎಂದು ಬರೆದಿತ್ತು. ಅವ್ವ ನನ್ನನ್ನು ಕರೆದುಕೊಂಡು ಕಾಕಾನ ಮನೆಗೆ ಓಡಿದಳು. ಹುಚ್ಚಿಲ್ಲ ಎಂದು ಒಂದು ಸಾಲು ಬರೆದುಕೊಡಲು ಕೈಮುಗಿದು ಕೇಳಿದಳು.

“ಅವರಿಗೆ ಹೇಳಿದ್ದನ್ನ ನಿಮಗೂ ಹೇಳಬೇಕಾಗ್ತದವ್ವಾ,” ಎಂದರು ಕಾಕಾ.

ನನಗೆ ಸಿಟ್ಟು ತಡೆಯಲಿಲ್ಲ. “ಮಕ್ಕಳಿದ್ರ ನಿಮಗ ತಿಳೀತಿತ್ತು,” ಅಂದೆ. ಹದಿನೆಂಟರ ಬಾಯಿ. ಆ ಮಾತು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. “ನಾಳೆ ಮುಂಜಾನೆ ಧಾರವಾಡಕ್ಕ ಹೋಗೂಣು, ತಯಾರಿರ್ರಿ,” ಎಂದರು.

ಧಾರವಾಡದಲ್ಲಿ ಅವರ ಕೈಕೆಳಗೆ ಕಲಿತ ಡಾಕ್ಟರೊಬ್ಬರಿದ್ದರು. ಗುರುಗಳನ್ನು ಕಂಡು ಎದ್ದು ನಿಂತು ತಮ್ಮ ಕುರ್ಚಿ ತೋರಿಸಿದರು. ಕಾಕಾ ಕೂಡಲಿಲ್ಲ.

“ಇಲ್ಲಿ ಡಾಕ್ಟರ್ ನೀನು. ನಾ ಇವರ ಬಾಜು ಮನಿಯವ, ಅಷ್ಟ. ನನ್ನ ಮಾರಿ ನೋಡಿ ಬರೀಬ್ಯಾಡ. ಅಕಿ ಮಾತಾಡಿದಾಗ ಕೇಳಿ ಬರಿ,” ಎಂದು ಹೇಳಿ ಹೊರಗಿನ ಬಾಕಿನ ಮೇಲೆ ಹೋಗಿ ಕೂತರು.

ಹೀಗೆ ನಾಲ್ಕೈದು ಸಲ ಹೋಗಿ ಬಂದೆವು, ಪ್ರತಿ ಸಲವೂ ಕಾಕಾ ಜೊತೆಗಿದ್ದರು. ಒಮ್ಮೆ ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ತುಟಿ ಅಲುಗಿಸಿದಳು. ಕಾಕಾ ಕಿವಿ ಹತ್ತಿರ ತಂದು, “ಏನಂದಿವಾ?” ಎಂದರು.

“ಕಿಡಕಿ ಮುಚ್ರಿ ಕಾಕಾ, ಧೂಳ ಬರಾಕತ್ತೈತಿ!” ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿತ್ತು ದನಿ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕಾ ಎದ್ದು ಕಿಡಕಿ ಮುಚ್ಚಿದರು.

ಇದು ಹುಚ್ಚಲ್ಲ, ಕೂಸು ಕಳಕೊಂಡ ದುಃಖ, ಗುಣವಾಗುತ್ತಿದೆ ಎಂದು ಧಾರವಾಡದ ಡಾಕ್ಟರು ಬರೆದುಕೊಟ್ಟರು. ಕೋರ್ಟಿನಲ್ಲಿ ಎದುರಿನ ವಕೀಲ ಅವರ ನೋಂದಣಿ ನಂಬರನ್ನೇ ಮೊದಲು ಕೇಳಿದ. ನಂಬರು ಸರಿಯಿತ್ತು, ಗಂಡನ ಕೇಸು ಬಿದ್ದುಹೋಯಿತು. ಕಾಕಾ ಸಹಿ ಹಾಕಿದ್ದರೆ ಏನಾಗುತ್ತಿತ್ತೆಂದು ಆಗ ತಿಳಿಯಿತು.

ಅಕ್ಕ ತಿರುಗಿ ಯರಗುಪ್ಪಿಗೆ ಹೋಗಲಿಲ್ಲ. ಟ್ರೇನಿಂಗು ಮುಗಿಸಿ ದೇವಿಕೊಪ್ಪದ ಶಾಲೆಯಲ್ಲಿ ಮಾಸ್ತರಿಣಿಯಾದಳು. ಅವಳು ಟ್ರೇನಿಂಗಿನಲ್ಲಿರುವಾಗಲೇ ಕಾಕಾ ತೀರಿಕೊಂಡರು. ಅಂದಿನ ಮಾತಿಗೆ ತಪ್ಪಾಯಿತು ಎನ್ನಲು ಅವರ ಕಟ್ಟೆಯವರೆಗೆ ಎಷ್ಟೋ ಸಲ ಹೋಗಿ, ಬೇರೇನೋ ಮಾತಾಡಿ ಬಂದಿದ್ದೆ...

ಹೋದ ತಿಂಗಳು ಅಕ್ಕನೂ ಹೋದಳು. ಇನ್ನು ಮನೆಯಲ್ಲಿ ಕಾಕಾನ ದನಿ ಕೇಳಿದವಳು ನಾನೊಬ್ಬಳೇ.